ಉಳ್ಳಾಗಡ್ಡಿ ಇಲ್ಲದ ರೊಟ್ಟಿ

೫ ಜೂನ್ ೨೦೦೬, ಸೋಮವಾರ

ಇದನ್ನು ಬರೆಯಬೇಕೆಂಬ ಆಸೆ ನನಗಿಲ್ಲ. ಮೂವತ್ತೈದು ವರ್ಷ ದಿನಚರಿ ಇಲ್ಲದೆ ಬದುಕಿದ್ದೇನೆ, ಯಾಕೆಂದು ಯಾರೂ ಕೇಳಿಲ್ಲ. ಆದರೆ ಇವತ್ತು ಎಚ್.ಆರ್. ವಿಭಾಗದ ಹರ್ಷಿತಾ ನನ್ನನ್ನು ಗಾಜಿನ ಕೋಣೆಗೆ ಕರೆದು, ಕೂರಿಸಿ, ಕುಡಿಯಲು ನೀರು ಕೊಟ್ಟು, “ಯಶವಂತ್, ನಿಮ್ಮಲ್ಲಿ ಎಂಪತಿ ಸ್ವಲ್ಪ ಕಡಿಮೆ ಇದೆ ಅಂತ ಫೀಡ್‌ಬ್ಯಾಕ್ ಬಂದಿದೆ” ಎಂದಳು. ರಕ್ತದಲ್ಲಿ ಕಬ್ಬಿಣ ಕಡಿಮೆ ಇದೆ ಎಂದು ಡಾಕ್ಟರು ಹೇಳುತ್ತಾರಲ್ಲ, ಅದೇ ಧಾಟಿ.

ಹಾಗೆಂದರೇನು ಎಂದು ಕೇಳಿದೆ. “ಇನ್ನೊಬ್ಬರ ನೋವು ನಮಗೆ ಗೊತ್ತಾಗೋದು” ಎಂದಳು. ನನಗೆ ಗೊತ್ತಾಗುತ್ತದೆ, ಅದಕ್ಕೇ ಎಲ್ಲರನ್ನೂ ನಗಿಸುತ್ತೇನೆ ಎಂದೆ. ಅವಳು ಇನ್ನೊಂದು ಲೋಟ ನೀರು ಕೊಟ್ಟಳು. ಮೈಸೂರಿನ ಹುಡುಗಿ, ಬೈಯುವುದನ್ನೂ ಸಕ್ಕರೆ ಹಚ್ಚಿಯೇ ಬೈಯುತ್ತಾಳೆ. ನಾನು ಅವಳಿಗೆ ಇಟ್ಟ ಹೆಸರು ಗ್ಲೂಕೋಸ್.

ದೂರು ಬಂದದ್ದೂ ಹೆಸರುಗಳ ಬಗ್ಗೆಯೇ. ಯಾರೋ ಹೆಸರು ಹಾಕದೆ ಬರೆದಿದ್ದಾರೆ: “ನನಗೆ ಮನೆಯಲ್ಲಿ ಇಟ್ಟ ಹೆಸರೊಂದಿದೆ.” ಓದಿ ನಕ್ಕೆ. ನಮ್ಮ ಸೇಡಂ ಕಡೆ ಅಡ್ಡಹೆಸರು ಇಲ್ಲದವನೆಂದರೆ ಊರಿಗೆ ಹೊಸಬ, ಇಲ್ಲವೇ ಜನಗಣತಿಗೆ ಬಂದವನು. ನನ್ನ ಹೆಂಡತಿ ವಿಜಯಶ್ರೀ ಹೈಕೋರ್ಟ್, ಅವಳ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಮೂರನೆಯ ಇಯತ್ತೆಯ ಮಗಳು ಕೃಪಾ ಆಕಾಶವಾಣಿ. ಟೀಮಿನಲ್ಲಿ ಕುಂದಾಪುರದ ಮನೋಜನಿದ್ದಾನೆ, ಅವನು ಹ್ಯಾಂಗ್. ಏನು ಕೇಳಿದರೂ ಕಂಪ್ಯೂಟರ್ ನಿಂತುಹೋದ ಹಾಗೆ ಅರ್ಧ ನಿಮಿಷ ಅಲುಗಾಡದೆ ಕೂತು, ಆಮೇಲೆ ಉತ್ತರ ಕೊಡುತ್ತಾನೆ. ಹೆಸರು ಇಟ್ಟದ್ದು ತಪ್ಪೇ?

ಗ್ಲೂಕೋಸ್ ಕೊನೆಗೆ ಹೇಳಿದ್ದು ಮಾತ್ರ ನಗುವ ಮಾತಲ್ಲ. ಹ್ಯಾಂಗ್ ಬೇರೆ ಟೀಮಿಗೆ ವರ್ಗ ಕೇಳಿದ್ದಾನೆ, ಜುಲೈ ಕೊನೆಗೆ ಹೋಗುತ್ತಾನಂತೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನಮ್ಮ ಕಸುಬು, ಅದರಲ್ಲಿ ಅವನನ್ನು ಮೀರಿದವರಿಲ್ಲ. ಅವನು ಹೋದರೆ ನನ್ನ ಪ್ರಾಜೆಕ್ಟು ನೆಲ ಕಚ್ಚುತ್ತದೆ.

ಅವಳು ಕೊಟ್ಟ ಮದ್ದು ಏನೆಂದರೆ, ಬಾಲ್ಯದ ನೋವಿನ ಬಗ್ಗೆ ಒಂದು ಕಾದಂಬರಿ ಓದಬೇಕು. ಓದುವಾಗ ಮನಸ್ಸಿಗೆ ಬಂದದ್ದನ್ನು ದಿನಾ ನನಗಾಗಿ ಬರೆದುಕೊಳ್ಳಬೇಕು. ಕೊನೆಗೆ ಅವಳಿಗೆ ಒಂದು ಪುಟ ಒಪ್ಪಿಸಬೇಕು. ಅವಳು ಹೇಳಿದವೆಲ್ಲ ಇಂಗ್ಲಿಷ್ ಪುಸ್ತಕ. ತಪಾಸಣೆ ತಪ್ಪಲಿ ಎಂದು ಕನ್ನಡದ್ದು ಓದುತ್ತೇನೆ ಎಂದೆ. “ಅಯ್ಯೋ, ತುಂಬಾ ಸಂತೋಷ, ನಾನೂ ಓದ್ತೀನಿ” ಎಂದುಬಿಟ್ಟಳು.

ಆಫೀಸಿರುವ ಮಾದಾಪುರದಿಂದ ಕಾಚಿಗೂಡದ ಮನೆ ಮುಟ್ಟುವತನಕ ಕ್ಯಾಬಿನಲ್ಲಿ ಬೇರೆ ಕೆಲಸವಿಲ್ಲ, ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದು ರಸ್ತೆಯ ತಪ್ಪು.

೮ ಜೂನ್, ಗುರುವಾರ

ಹೈಕೋರ್ಟು ಪುಸ್ತಕ ತಂದುಕೊಟ್ಟಿದೆ. ಕಾಚಿಗೂಡದಲ್ಲಿ ಕನ್ನಡದವರು ನಡೆಸುವ ಒಂದು ವಾಚನಾಲಯವಿದೆ, ಅವಳು ಅಲ್ಲಿಯ ಖಾಯಂ ಗಿರಾಕಿ. ರಟ್ಟಿಗೆ ಹಳೆಯ ಪಂಚಾಂಗದ ಹಾಳೆ ಹಚ್ಚಿದ್ದಾರೆ.

“ನಾ ಎರಡು ಸಲ ಓದೀನಿ. ಎರಡೂ ಸಲ ಅತ್ತೀನಿ” ಎಂದಳು.

“ಹಂಗಾರ ಕಂಪನಿಯವ್ರು ಪುಸ್ತಕದ ಜೋಡಿ ಟಾವೆಲ್ ಕೊಡಬೇಕಿತ್ತು.”

“ನೀವು ಓದ್ರಿ ಮೊದಲ. ಆಮ್ಯಾಲ ಮಾತಾಡ್ರಿ.”

ಕತೆ ಬೂದೆಪ್ಪ ಎಂಬ ಹುಡುಗನದು. ಮಾತು ತಡವಾಗಿ ಬಂತು ಎಂದು ಅವನ ಕಾಕಾ ‘ಮೂಗ’ ಎಂದು ಕರೆದ. ಮನೆಯವರು ಕರೆದರು, ಓಣಿಯವರು ಕರೆದರು, ಮಾಸ್ತರರು ಹಾಜರಿ ಕರೆಯುವಾಗಲೂ ಅದನ್ನೇ ಕರೆದರು. ಮಾತು ಬಂದ ಮೇಲೂ ಹುಡುಗ ಆಡಲಿಲ್ಲ. ಆಡಿ ಏನು ಮಾಡುವುದು, ಮೂಗ ಎಂದು ಎಲ್ಲರೂ ಒಪ್ಪಿಕೊಂಡಾಗಿದೆ.

ಒಂದೆರಡು ದೋಷ ಈಗಲೇ ಬರೆದಿಡುತ್ತೇನೆ. ಒಂದು, ಯಾರಾದರೂ ಅಳುವ ಮೊದಲು ಲೇಖಕರು ತಪ್ಪದೆ ಮಳೆ ತರಿಸುತ್ತಾರೆ. ಬಯಲುಸೀಮೆಯಲ್ಲಿ ಇಷ್ಟು ಮಳೆ ಬಿದ್ದಿದ್ದರೆ ನಾವೆಲ್ಲ ಜೋಳ ಬಿಟ್ಟು ಭತ್ತ ಬೆಳೆಯುತ್ತಿದ್ದೆವು. ಎರಡು, ಕಾಕಾನನ್ನು ರಾಕ್ಷಸ ಮಾಡಿದ್ದಾರೆ. ಒಂದು ಅಡ್ಡಹೆಸರಿಗೆ ಇಷ್ಟು ರಂಪವೇ? ಅವನು ಚೇಷ್ಟೆಯ ಮನುಷ್ಯ ಇರಬಹುದು.

ಇದನ್ನು ಹೈಕೋರ್ಟಿನ ಮುಂದೆ ಹೇಳಿದೆ. “ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ್ರಂತ” ಎಂದು ಒಳಗೆ ಹೋದಳು. ಅದರ ಅರ್ಥ ನನಗೆ ಆಗಲಿಲ್ಲ ಎಂದು ಇಟ್ಟುಕೊಳ್ಳೋಣ.

೧೧ ಜೂನ್, ಭಾನುವಾರ

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಎಲ್ಲರ ತಾಟಿನಲ್ಲೂ ಹಸಿ ಉಳ್ಳಾಗಡ್ಡಿ, ನನ್ನ ತಾಟಿನಲ್ಲಿ ಇಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು, ಕಲಬುರ್ಗಿ ಕಡೆಯ ಮನುಷ್ಯ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ತಿನ್ನುವುದು ಹೇಗೆ, ಏನಾದರೂ ಹರಕೆಯೇ ಎಂದು. ಬಾಯಿ ವಾಸನೆ ಬರುತ್ತದೆ ಎಂದಿದ್ದೆ. ಒಗ್ಗರಣೆಯಲ್ಲಿದ್ದರೆ ತಿನ್ನುತ್ತೇನೆ, ಬಿಡಿಯಾಗಿ ಬೇಡ, ಅಷ್ಟೇ.

ಊಟದ ಹೊತ್ತಿಗೇ ಸೇಡಂನಿಂದ ಅಕ್ಕನ ಫೋನು. ಅಕ್ಕ ವಿಶಾಲಾಕ್ಷಿ ಪ್ರತಿ ಭಾನುವಾರ ಫೋನು ಮಾಡುತ್ತಾಳೆ, ಪ್ರತಿ ಭಾನುವಾರ ಒಂದೇ ಶುರುವಾತು: “ಏನಪಾ ಉಳ್ಳಾಗಡ್ಡಿ, ಹ್ಯಾಂಗಿದ್ದಿ?” ಚಿಕ್ಕವನಿದ್ದಾಗಿನ ನನ್ನ ಅಡ್ಡಹೆಸರು. ಈ ಊರಲ್ಲಿ ಅದು ಯಾರಿಗೂ ಗೊತ್ತಿಲ್ಲ, ಹೈಕೋರ್ಟಿಗೂ. ಗೊತ್ತಾಗುವಂಥ ವಿಷಯವೂ ಅಲ್ಲ. ನಾನು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗುತ್ತೇನೆ, ಅಲ್ಲಿ ಸಿಗ್ನಲ್ ಚೆನ್ನಾಗಿದೆ. ಮೊಣಕಾಲು ತೋರಿಸಲು ಜುಲೈ ಒಂದಕ್ಕೆ ಇಲ್ಲಿಗೆ ಬರುತ್ತಾಳಂತೆ.

ಓದಿದ್ದು: ಬಳೆ ಮಾರುವ ಹುಸೇನಮ್ಮ ಓಣಿಗೆ ಬರುತ್ತಾಳೆ. ಕಟ್ಟೆಯ ಮೇಲಿದ್ದ ಹುಡುಗನನ್ನು “ನಿನ್ನ ಹೆಸರೇನಪ್ಪಾ?” ಎಂದು ಕೇಳುತ್ತಾಳೆ. ಅವನು ಸುಮ್ಮನಿದ್ದಾನೆ. ಇವಳು ಬುಟ್ಟಿ ಇಳಿಸಿ ಕೂತೇಬಿಡುತ್ತಾಳೆ. ಬಿಸಿಲು ಕಟ್ಟೆಯಿಂದ ಇಳಿಯುವ ತನಕ ಅವಳು ಕೂತ ಮೇಲೆ, ಕೊನೆಗೆ ಹುಡುಗ “ಬೂದೆಪ್ಪ” ಎನ್ನುತ್ತಾನೆ. ಒಂದು ಹೆಸರು ಕೇಳಲು ಅರ್ಧ ದಿನ ಕೂತರೆ ಆಕೆಯ ವ್ಯಾಪಾರದ ಗತಿಯೇನು? ಈ ಭಾಗದಲ್ಲಿ ಮಾತ್ರ ಮಳೆ ಬರಲಿಲ್ಲ, ಲೇಖಕರಿಗೆ ಅಭಿನಂದನೆ.

೧೪ ಜೂನ್, ಬುಧವಾರ

ಓದಲಿಲ್ಲ. ಸಾಫ್ಟ್‌ವೇರಿನ ಹೊಸ ಬಿಲ್ಡ್ ಬಂದಿದೆ, ಕೈಯಿಟ್ಟಲ್ಲೆಲ್ಲ ಮುರಿಯುತ್ತದೆ. ಹ್ಯಾಂಗ್‌ನನ್ನು ಒಂದು ಪ್ರಶ್ನೆ ಕೇಳಿದೆ, ಎಂದಿನಂತೆ ನಿಂತುಹೋದ. ಯಾವಾಗಲೂ ನಾನು ಟೇಬಲ್ ತಟ್ಟಿ “ರೀಸ್ಟಾರ್ಟ್ ಮಾಡಲೇನಪಾ?” ಎನ್ನುತ್ತೇನೆ, ಎಲ್ಲರೂ ನಗುತ್ತಾರೆ. ಇವತ್ತು ಬಾಯಲ್ಲಿ ಚಹಾ ಇದ್ದುದರಿಂದ ಆಗಲಿಲ್ಲ. ಅವನು ನಿಧಾನಕ್ಕೆ ಬಾಯಿ ತೆರೆದು ತಪ್ಪು ಎಲ್ಲಿದೆ ಎಂದು ಹೇಳಿದ. ಅಲ್ಲೇ ಇತ್ತು.

೨೦ ಜೂನ್, ಮಂಗಳವಾರ

ಇದನ್ನು ನಗುತ್ತಾ ಬರೆಯಬೇಕೆಂದು ಕೂತಿದ್ದೇನೆ. ನಗುವ ವಿಷಯವೇ.

ಅಮೆರಿಕದ ಕ್ಲೈಂಟ್ ಒಂದು ಪಾರ್ಸೆಲ್ ಕಳಿಸಿದ್ದರು. ನಮ್ಮ ಟೀಮಿನಲ್ಲಿ ಅತ್ಯುತ್ತಮ ಕೆಲಸ ಮಾಡಿದವನಿಗೆ ಬಹುಮಾನ. ಬಾಸ್ ಇಡೀ ಫ್ಲೋರನ್ನು ಸೇರಿಸಿ, ಚಪ್ಪಾಳೆ ಹೊಡೆಸಿ, ಡಬ್ಬಿ ಒಡೆದರು. ಒಳಗೆ ಕಟ್ಟಿಗೆಯ ಫಲಕ, ಮೇಲೆ ಹಿತ್ತಾಳೆ ತಗಡು, ತಗಡಿನ ಮೇಲೆ ಹೊಳೆಯುವ ಅಕ್ಷರದಲ್ಲಿ ಹೆಸರು: ಮಿಸ್ಟರ್ ಹ್ಯಾಂಗ್.

ಪ್ರತಿ ಸಂಜೆಯ ಕಾಲ್‌ನಲ್ಲಿ ನಾನು ‘ಹ್ಯಾಂಗ್ ನೋಡ್ತಾನೆ, ಹ್ಯಾಂಗ್ ಮಾಡಿದ್ದಾನೆ’ ಎಂದದ್ದನ್ನು ಆ ಪುಣ್ಯಾತ್ಮರು ವರ್ಷವಿಡೀ ಕೇಳಿಸಿಕೊಂಡು, ಅದೇ ಅವನ ಹೆಸರು ಎಂದುಕೊಂಡಿದ್ದಾರೆ. ಫ್ಲೋರಿಗೆ ಫ್ಲೋರೇ ಬಿದ್ದು ಬಿದ್ದು ನಕ್ಕಿತು. ಮೊದಲು ನಕ್ಕವನು ನಾನು.

ಅವನು ಎಂದಿನಂತೆ ಅರ್ಧ ನಿಮಿಷ ಕೂತಿದ್ದು, ಎದ್ದು ಬಂದು, ಫಲಕ ತೆಗೆದುಕೊಂಡ. ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಸೀಟಿಗೆ ಹೋಗಿ ಫಲಕವನ್ನು ಬೋರಲು ಮಾಡಿ ಇಟ್ಟು ನೀರು ಕುಡಿಯಲು ಹೋದ. ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಬಂದ ಮೊದಲ ಬಹುಮಾನ ಅದು ಎಂದು ಪಕ್ಕದವರು ಹೇಳಿದರು.

ಮನೆಯಲ್ಲಿ ಹೇಳಿದೆ. ಆಕಾಶವಾಣಿ ನಕ್ಕಿತು. ಹೈಕೋರ್ಟ್ ನಗಲಿಲ್ಲ. “ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ. ಆ ಹುಡುಗ ಅದನ್ನ ಊರಿಗಿ ಒಯ್ದು ಅವರ ಅವ್ವಗ ಹ್ಯಾಂಗ ತೋರಸ್ತಾನ್ರಿ?” ಎಂದಳು.

ನಾನು ಅವನ ಅವ್ವನ ಬಗ್ಗೆ ಯೋಚಿಸಿರಲಿಲ್ಲ.

೨೧ ಜೂನ್, ಬುಧವಾರ

ಮನೋಜ ರಜೆ ಹಾಕಿದ್ದಾನೆ. ಫಲಕ ಇನ್ನೂ ಬೋರಲಾಗಿಯೇ ಇದೆ. ಕ್ಯಾಬ್ ತುಂಬ ಕುಲುಕುತ್ತಿದೆ, ಸಾಕು.

೨೪ ಜೂನ್, ಶನಿವಾರ

ನಿನ್ನೆ ಮನೋಜನ ಟೇಬಲಿನಿಂದ ಫಲಕವನ್ನು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಕಳ್ಳತನವಲ್ಲ, ರಿಪೇರಿ.

ಬೆಳಿಗ್ಗೆ ಕೃಪಾಳನ್ನು ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋದೆ. ಅಲ್ಲಿ ಪಾತ್ರೆ ಅಂಗಡಿಗಳ ಮುಂದೆ ಸ್ಟೀಲಿನ ಮೇಲೆ ಹೆಸರು ಕೊರೆಯುವವರು ಕೂತಿರುತ್ತಾರೆ. ನಮ್ಮ ಮದುವೆಯ ಬಿಂದಿಗೆ, ತಾಟು, ಕೊನೆಗೆ ಚಹಾ ಸೋಸುವ ಜಾಲರಿಯ ಹಿಡಿಕೆಯ ಮೇಲೂ ಹೆಸರಿದೆ. ಸಂಬಂಧಿಕರ ಮನೆಗೆ ಹೋದ ಡಬ್ಬಿ ತಿರುಗಿ ಬರಬೇಕೆಂದರೆ ಹೆಸರು ಬೇಕೇ ಬೇಕು.

ಕೊರೆಯುವವನಿಗೆ ಹಿತ್ತಾಳೆ ತಗಡು ಬಿಚ್ಚಿ, ತಿರುವಿಹಾಕಿ, ಹಿಂಬದಿ ಹೆಸರು ಬರೆದುಕೊಡು ಎಂದೆ. “ಪೇರು ಚೆಪ್ಪಂಡಿ ಸಾರ್” ಎಂದು ಸೂಜಿಯಂಥ ಯಂತ್ರ ಹಿಡಿದು ಕಾದ.

ಹೆಸರು ಹೇಳಿದೆ. ಇಷ್ಟು ದಿನದಲ್ಲಿ ಆ ಹೆಸರನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲೇನೋ, ನಾಲಿಗೆಗೆ ಹೊಸದೆನಿಸಿತು. ತಗಡು ಗುರ್ ಎಂದು ಸದ್ದು ಮಾಡಿತು. ಅವನಿಗೆ ಬರುವುದು ತೆಲುಗು ಅಕ್ಷರ. ತಲೆಕಟ್ಟು ಒಂದಿಷ್ಟು ಬೇರೆ, ಓದಲು ಅಡ್ಡಿಯಿಲ್ಲ. ಹೆಸರಿನ ಪಕ್ಕ ತಾನಾಗಿಯೇ ಒಂದು ಹೂವನ್ನೂ ಕೊರೆದ, ಮದುವೆ ಪಾತ್ರೆಗೆ ಕೊರೆಯುವಂಥದ್ದು. ಬೇಡ ಎನ್ನುವಷ್ಟರಲ್ಲಿ ಎಸಳು ಮುಗಿದಿತ್ತು.

“ಇದು ಯಾರದಪಾ?” ಎಂದು ಕೃಪಾ ಕೇಳಿದಳು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಬಹಳ ಜಾಣನದು ಎಂದೆ.

೨೬ ಜೂನ್, ಸೋಮವಾರ

ಫಲಕ ಕೊಟ್ಟೆ. ಏನು ಹೇಳಬೇಕೆಂದು ಕ್ಯಾಬಿನಲ್ಲಿ ತಯಾರಿ ಮಾಡಿಕೊಂಡದ್ದೆಲ್ಲ ಮರೆತುಹೋಗಿ, “ತಪ್ಪಾಗಿತ್ತು, ಸರಿ ಮಾಡಿಸಿದ್ದೇನೆ. ಹೂವು ನನ್ನದಲ್ಲ” ಎಂದೆ.

ಮನೋಜ ನೋಡಿದ. ಸುಮ್ಮನಾದ. ನಾನೂ ಸುಮ್ಮನೆ ನಿಂತೆ. ಹುಸೇನಮ್ಮನ ಹಾಗೆ ಕೂರಲು ಪಕ್ಕದಲ್ಲಿ ಕುರ್ಚಿ ಇರಲಿಲ್ಲ.

“ಸರ್, ನಾನು ಯಾಕೆ ಹಾಗೆ ನಿಲ್ಲುದು ಅಂತ ನೀವು ಯಾವತ್ತೂ ಕೇಳ್ಲಿಲ್ಲ” ಎಂದ. ಯಾಕೆ ಎಂದೆ. “ಮನೆಯಲ್ಲಿ ಅಪ್ಪ ಏನಾದ್ರೂ ಕೇಳಿದ್ರೆ, ಎಂತ ಹೇಳಿದ್ರೂ ಪೆಟ್ಟು ಬೀಳ್ತಿತ್ತು. ಅದಕ್ಕೆ ಮೊದಲು ಒಮ್ಮೆ ಒಳಗೇ ಹೇಳಿ ನೋಡುದು. ಪೆಟ್ಟು ಬೀಳುದಿಲ್ಲ ಅಂತಾದ್ರೆ ಹೊರಗೆ ಹೇಳುದು. ಈಗ ಯಾರೂ ಹೊಡೆಯುದಿಲ್ಲ, ಅಭ್ಯಾಸ ಹೋಗ್ಲಿಲ್ಲ.”

ವರ್ಗದ ಅರ್ಜಿ ಏನು ಮಾಡುತ್ತೀ ಎಂದು ಕೇಳಿದೆ. “ವಾಪಸ್ ತೆಗೆಯುದಿಲ್ಲ ಸರ್. ಆದ್ರೆ ಬೇಗ ಮಾಡಿ ಅಂತ ಹೇಳುದೂ ಇಲ್ಲ” ಎಂದ.

ಇದು ನ್ಯಾಯ. ಹೂವಿನ ತಗಡಿಗೆ ಇದಕ್ಕಿಂತ ಹೆಚ್ಚು ಬೆಲೆ ಸಿಗುವುದಿಲ್ಲ.

೨೯ ಜೂನ್, ಗುರುವಾರ

ಕಾದಂಬರಿ ಮುಗಿಯಿತು. ಬಹಳ ಸಿಟ್ಟು ಬಂದಿದೆ.

ಕಾಕಾನಿಗೆ ಲಕ್ವ ಹೊಡೆಯುತ್ತದೆ, ಮಾತು ಹೋಗುತ್ತದೆ. ಜಗತ್ತನ್ನೆಲ್ಲ ‘ಮೂಗ’ ಎಂದವನು ಈಗ ತಾನೇ ಮೂಗ. ಬೂದೆಪ್ಪ ದೊಡ್ಡವನಾಗಿದ್ದಾನೆ, ಗಂಜಿ ಕುಡಿಸುತ್ತಿದ್ದಾನೆ. ನಾನು ಹಾಸಿಗೆಯಲ್ಲಿ ಎದ್ದು ಕೂತೆ, ಈಗ ಹೇಳುತ್ತಾನೆ ಎಂದು. ಕಾಕಾ ನೀರು ಕೇಳಲು ಬಾಯಿ ಸೊಟ್ಟ ಮಾಡಿಕೊಂಡು ಒದ್ದಾಡುತ್ತಾನೆ. ಬೂದೆಪ್ಪ ಗಂಜಿ ಬಟ್ಟಲು ಕೆಳಗಿಟ್ಟು, ಹುಸೇನಮ್ಮ ಕೂತಂತೆ ಕೂತು, ಕಾಯುತ್ತಾನೆ. ಕತೆ ಅಲ್ಲಿಗೆ ಮುಗಿಯಿತು. ಒಂದು ಸಲ, ಒಂದೇ ಒಂದು ಸಲ ‘ಏ ಮೂಗಾ’ ಎನ್ನಬಾರದಿತ್ತೇ?

ಪುಸ್ತಕ ಎಸೆದೆ. ವಿಜಯಶ್ರೀ ಎತ್ತಿಕೊಂಡು ಪಂಚಾಂಗದ ರಟ್ಟು ಒರೆಸಿದಳು.

“ಲೈಬ್ರರಿ ಬುಕ್ಕು ರೀ ಇದು. ನಿಮಗ ಯಾರ ಮ್ಯಾಲ ಸಿಟ್ಟು?”

“ಬರದವರ ಮ್ಯಾಲ.”

“ಹೌದೇನ್ರಿ” ಎಂದಳು. ಹೌದು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

೧ ಜುಲೈ, ಶನಿವಾರ

ಅಕ್ಕ ಬಂದಳು. ಸ್ಟೇಷನ್ನಿಗೆ ಹೋಗುವಾಗ ಕೃಪಾ, “ಅಪ್ಪಾ, ನೀ ಈಗ ನನಗ ಆಕಾಶವಾಣಿ ಅನ್ನೂದೇ ಇಲ್ಲ. ಯಾಕ?” ಎಂದು ಕೇಳಿದಳು. ಅನ್ನುತ್ತೇನಲ್ಲ ಎಂದೆ. ಇಲ್ಲವಂತೆ, ಬಹಳ ದಿನವಾಯಿತಂತೆ. ಅವಳಿಗೆ ಆ ಹೆಸರು ಬೇಕಂತೆ, ಕ್ಲಾಸಿನಲ್ಲೂ ಹೇಳಿಕೊಂಡಿದ್ದಾಳಂತೆ. ಮಕ್ಕಳಿಗೆ ಏನೇನೋ ಭ್ರಮೆ. ಆದರೂ ಸ್ಟೇಷನ್ ಬರುವತನಕ ಆಕಾಶವಾಣಿ, ಆಕಾಶವಾಣಿ ಎಂದು ಬಾಕಿ ತೀರಿಸಿದೆ.

ಅಕ್ಕ ಬೋಗಿಯಿಂದ ಕಾಲು ಕೆಳಗಿಡುವ ಮೊದಲೇ “ಏ ಉಳ್ಳಾಗಡ್ಡಿ, ಚೀಲ ಹಿಡಿ” ಎಂದು ಕೂಗಿದಳು. ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸಿತು. ವಿಜಯಶ್ರೀ ನನ್ನ ಮುಖ ನೋಡಿದಳು.

ಊಟಕ್ಕೆ ಕೂತಾಗ ಅವಳೇ ಕೇಳಿದಳು. ಅಕ್ಕ ನಗುತ್ತಾ ಶುರುಮಾಡಿದಳು. “ಅವ್ವಗ ಸೊಲ್ಲಾಪುರದ ದವಾಖಾನ್ಯಾಗ ಇಟ್ಟಿದ್ರು, ತಂಗೀ. ಭಾಳ ದಿನ. ಇವಗ ಆರು ವರ್ಷ, ನನಗ ಹನ್ನೆರಡು. ನಾ ರೊಟ್ಟಿ ಬಡಿಯಾಕ ಕುಂತ್ರ ಇಂವ ಮಗ್ಗಲಕ ಕುಂತು ಅಳಾಂವ. ರೊಟ್ಟಿ ಹರೀತಿದ್ವು, ಇವನ ಅಳು ನಿಲ್ಲತಿರಲಿಲ್ಲ. ಒಂದಿನ ಓಣಿ ಮಂದಿ ಯಾಕ ಅಳತಾನ ಅಂತ ಕೇಳಿದ್ರು. ಇಂವ ಅಳಾಕತ್ತಿಲ್ರಿ, ಇಂವ ಉಳ್ಳಾಗಡ್ಡಿ ಅದಾನ, ಮುಟ್ಟಿದ್ರ ನೀರು ಬರ್ತಾವ ಅಂದೆ. ಎಲ್ಲಾರೂ ನಕ್ಕರು. ಇಂವ ಗಪ್ ಆದ. ಆಮ್ಯಾಲ ಅದೇ ಔಷಧ.”

ಕೃಪಾ ನಕ್ಕಳು. ನಾನೂ ನಕ್ಕೆ, ರೂಢಿಯಿಂದ. ಔಷಧ ಚೆನ್ನಾಗಿಯೇ ಹತ್ತಿತ್ತು. ಅವ್ವ ಯುಗಾದಿಗೆ ಗುಣವಾಗಿ ಬಂದು ನನ್ನನ್ನು ಎತ್ತಿಕೊಂಡು ಅತ್ತಾಗ, ನಾನು ಅಳಲಿಲ್ಲ. ಓಣಿಯವರು ನೋಡುತ್ತಿದ್ದರು.

ವಿಜಯಶ್ರೀ ಮಾತ್ರ ನಗದೆ, “ಮತ್ತ ನೀವು ಎಲ್ಲಿ ಅಳ್ತಿದ್ರಿ ಅಕ್ಕಾರ?” ಎಂದಳು.

ಅಕ್ಕನ ಕೈ ತಾಟಿನಲ್ಲೇ ನಿಂತಿತು. ನಾವೆಲ್ಲ ಕಾದೆವು.

“ನನಗೇನು ತಂಗೀ” ಎಂದಳು. “ನನಗ ಒಲಿ ಹೊಗಿ ಇತ್ತಲ್ಲ.”

೨ ಜುಲೈ, ಭಾನುವಾರ

ಅಕ್ಕನನ್ನು ನಿನ್ನೆ ಸಂಜೆಯೇ ಡಾಕ್ಟರಿಗೆ ತೋರಿಸಿದ್ದಾಯಿತು, ಇವತ್ತು ಬೆಳಗಿನ ಗಾಡಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ ಕೃಪಾಳ ಗಲ್ಲ ಮುಟ್ಟಿದಳು. ಬಲಗೈಯ ಎರಡು ಬೆರಳ ಮೇಲೆ ಹಳೆಯ ಸುಟ್ಟ ಕಲೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ ಎಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಇದ್ದದ್ದಲ್ಲ ಅದು, ಹಂಚಿನ ಕಲೆ. ಹನ್ನೆರಡು ವರ್ಷದ ಹುಡುಗಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ ಕೈ.

ಕೃಪಾಳಿಗಿಂತ ನಾಲ್ಕೇ ವರ್ಷ ದೊಡ್ಡವಳು. ಅಳುವ ತಮ್ಮನನ್ನು ಸುಮ್ಮನಿರಿಸಲು ಅವಳಿಗೆ ಬೇರೆ ಏನು ಗೊತ್ತಿತ್ತು?

ಮನೆಗೆ ಬಂದು ಇದನ್ನು ವಿಜಯಶ್ರೀಗೆ ಹೇಳಲು ಅಡುಗೆಮನೆಗೆ ಹೋದೆ. “ಅಕ್ಕನ ಬೆರಳು” ಎಂದೆ, ಅಷ್ಟೇ. ಕಣ್ಣಲ್ಲಿ ನೀರು ಬಂತು. ನಿಲ್ಲಿಸಲು ನೋಡಿದೆ, ಆಗಲಿಲ್ಲ, ಮೂಗು ಸೋರಿತು. ಹೊರಗೆ ಮಳೆಯೂ ಇರಲಿಲ್ಲ. ಅಷ್ಟರಲ್ಲಿ ಕೃಪಾ ಬಾಗಿಲಿಗೆ ಬಂದು, “ಅವ್ವಾ, ಅಪ್ಪ ಅಳಾಕತ್ತಾನೇನು?” ಎಂದು ಕೇಳಿದಳು.

ವಿಜಯಶ್ರೀ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು ಎರಡು ಹೋಳು ಮಾಡಿ, ಚಾಕುವಿನ ಸಮೇತ ನನ್ನ ಮುಂದೆ ಇಟ್ಟಳು.

“ಇಲ್ಲವಾ. ನಿಮ್ಮಪ್ಪ ಉಳ್ಳಾಗಡ್ಡಿ ಹೆಚ್ಚಾಕತ್ತಾರ. ನೀ ಹೋಗಿ ಆಡು.”

ಹೆಚ್ಚಿದೆ. ಸಣ್ಣಗೆ, ನಿಧಾನಕ್ಕೆ. ಮುಗಿದಾಗ ಅವಳು ಇನ್ನೊಂದು ಕೊಟ್ಟಳು.

೩ ಜುಲೈ, ಸೋಮವಾರ

ಹರ್ಷಿತಾ ಆ ಒಂದು ಪುಟ ಎಲ್ಲಿ ಎಂದು ಕೇಳಿದಳು. ಇನ್ನೆರಡು ದಿನ ಕೊಡಿ ಎಂದೆ. ತಾನೂ ಪುಸ್ತಕ ಮುಗಿಸಿದ್ದಾಳಂತೆ, ಕಣ್ಣು ಸ್ವಲ್ಪ ಊದಿತ್ತು. ನಾನೇ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ.

ಮಧ್ಯಾಹ್ನ ಊಟಕ್ಕೆ ಮನೋಜ ನನ್ನ ಎದುರಿಗೆ ಬಂದು ಕೂತ. ಡಬ್ಬಿ ತೆರೆದೆ. ರೊಟ್ಟಿಯ ಮೇಲೆ ನಿನ್ನೆ ಹೆಚ್ಚಿದ ಉಳ್ಳಾಗಡ್ಡಿಯಲ್ಲಿ ಉಳಿದದ್ದನ್ನು ವಿಜಯಶ್ರೀ ಕಟ್ಟಿ ಇಟ್ಟಿದ್ದಳು.

“ನೀವು ಹಸಿ ನೀರುಳ್ಳಿ ತಿನ್ನುದಿಲ್ಲ ಅಲ್ವಾ ಸರ್?” ಎಂದ. ಅವನ ಕಣ್ಣಿಗೆ ಯಾವ ಡಿಫೆಕ್ಟೂ ತಪ್ಪುವುದಿಲ್ಲ. ಆಮೇಲೆ, “ಒಂದು ಕೇಳಬಹುದಾ? ಎಲ್ಲರಿಗೂ ಹೆಸರು ಇಡ್ತೀರಲ್ಲ, ನಿಮಗೆ ಸಣ್ಣವರಿದ್ದಾಗ ಯಾರಾದ್ರೂ ಇಟ್ಟಿದ್ರಾ?” ಎಂದು ಕೇಳಿದ.

ಸುಲಭದ ಪ್ರಶ್ನೆ. ಬೇರೆ ದಿನವಾಗಿದ್ದರೆ ಏನೋ ಒಂದು ಎಸೆದು ನಗಿಸಿ ಪಾರಾಗುತ್ತಿದ್ದೆ. ಇವತ್ತು ಉತ್ತರವನ್ನು ಒಳಗೆ ಒಮ್ಮೆ ಹೇಳಿ ನೋಡಿದೆ. ಇನ್ನೊಮ್ಮೆ ಹೇಳಿ ನೋಡಿದೆ. ಕ್ಯಾಂಟೀನಿನ ಗಲಾಟೆ ನಡೆದೇ ಇತ್ತು. ಮನೋಜ ಟೇಬಲ್ ತಟ್ಟಲಿಲ್ಲ, ಗಡಿಯಾರ ನೋಡಲಿಲ್ಲ, ಕೈಯಲ್ಲಿದ್ದ ತುತ್ತನ್ನೂ ಡಬ್ಬಿಗೇ ಇಳಿಸಿ ಕಾದ.

ಹೇಳಿದೆ. ಅಕ್ಕ, ರೊಟ್ಟಿ, ಓಣಿಯವರು, ಎಲ್ಲ.

ಅವನು ನಗಲಿಲ್ಲ. ನನ್ನ ಡಬ್ಬಿಯಿಂದ ಒಂದಿಷ್ಟು ಉಳ್ಳಾಗಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅಗಿದು ಮುಗಿಸಿ, “ಸರ್, ಆಗಸ್ಟ್ ಬಿಲ್ಡಿನ ಟೆಸ್ಟ್ ಪ್ಲಾನ್ ನಾನೇ ಬರೀಲಾ?” ಎಂದ.

ಜುಲೈ ಕೊನೆಗೆ ಹೋಗಬೇಕಾದವನು. ಬರಿ ಎಂದೆ. ಉಳ್ಳಾಗಡ್ಡಿ ಖಾರವಾಗಿತ್ತು, ಇಬ್ಬರ ಕಣ್ಣಲ್ಲೂ ನೀರಿತ್ತು, ರೊಟ್ಟಿ ಮುಗಿಸಿ ಕೆಲಸಕ್ಕೆ ಎದ್ದೆವು.